ಕಾರ್ಮಿಕ ಬಂಧು ವಿ. ವಿ. ಗಿರಿ

ದುಡಿದು ಉಣ್ಣುವವನಿಗೆ ದೇಹವೇ ಬಂಡವಾಳ. ಜ್ವರದಿಂದ ಮಲಗಿದ ದಿನ ಕೂಲಿ ನಿಂತರೆ ಔಷಧಕ್ಕೆ ಹಣವಿಲ್ಲ, ಒಲೆಯಲ್ಲಿ ಬೆಂಕಿಯಿಲ್ಲ. ಎಂಜಿನ್ ನಡೆಸುವವನು ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಕೆಲಸಕ್ಕೆ ಹೋದರೆ ನೂರಾರು ಪ್ರಯಾಣಿಕರ ಪ್ರಾಣಕ್ಕೂ ಸಂಚಕಾರ. ಇಂಥ ದುಡಿಮೆಗಾರರ ಹಿತಕ್ಕಾಗಿ ಬಾಳನ್ನು ಸವೆಸಿದವರಲ್ಲಿ ವರಾಹಗಿರಿ ವೆಂಕಟಗಿರಿಯವರು ಅಗ್ರಗಣ್ಯರು.

ಗಿರಿಯವರು 1894ರ ಆಗಸ್ಟ್ 10ರಂದು ಇಂದಿನ ಒಡಿಶಾದ ಬ್ರಹ್ಮಪುರದಲ್ಲಿ, ತೆಲುಗು ಮನೆತನವೊಂದರಲ್ಲಿ ಜನಿಸಿದರು. ತಂದೆ ಜೋಗಯ್ಯ ಪಂತುಲು ವಕೀಲರು. 1913ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕೆಂದು ಗಿರಿಯವರು ಐರ್ಲೆಂಡಿನ ಡಬ್ಲಿನ್ನಿಗೆ ತೆರಳಿದರು. ಅಲ್ಲಿನ ಸ್ವಾತಂತ್ರ್ಯ ಹೋರಾಟವು ತರುಣನ ಮನಸ್ಸನ್ನು ಸೆಳೆಯಿತು. 1916ರಲ್ಲಿ ಅವರು ಆ ದೇಶವನ್ನು ಬಿಟ್ಟು ಹೊರಡಬೇಕಾಯಿತು.

ತಾಯ್ನಾಡಿಗೆ ಮರಳಿ ವಕೀಲಿ ಆರಂಭಿಸಿದರೂ, ಗಾಂಧೀಜಿಯವರ ಕರೆಗೆ ಓಗೊಟ್ಟು 1922ರಲ್ಲಿ ಸೆರೆಮನೆ ಸೇರಿದರು. ಬಳಿಕ ಬಂಗಾಳ-ನಾಗಪುರ ರೈಲ್ವೆಯ ನೌಕರರನ್ನು ಸಂಘಟಿಸಿದರು. ಕೆಲಸದಿಂದ ತೆಗೆದುಹಾಕಲ್ಪಟ್ಟವರ ಪರವಾಗಿ 1928ರಲ್ಲಿ ಅವರು ನಡೆಸಿದ ಮುಷ್ಕರದಲ್ಲಿ ಹಿಂಸೆಗೆ ಎಡೆಯಿರಲಿಲ್ಲ, ಕಂಪನಿಯೇ ಮಣಿಯಬೇಕಾಯಿತು. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿಯೂ ಅವರು ಸೇವೆ ಸಲ್ಲಿಸಿದರು.

1937ರಲ್ಲಿ ರಾಜಾಜಿಯವರ ಮಂತ್ರಿಮಂಡಲದಲ್ಲಿ ಗಿರಿಯವರು ಮದರಾಸು ಪ್ರಾಂತದ ಕಾರ್ಮಿಕ ಸಚಿವರಾದರು. ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಮೊದಲಾದ ಬಳ್ಳಾರಿ ಜಿಲ್ಲೆಯ ಊರುಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. 1952ರ ಫೆಬ್ರವರಿಯಲ್ಲಿ, ಕಾಯಿಲೆ ಬಿದ್ದ ಕಾರ್ಖಾನೆ ಕಾರ್ಮಿಕನಿಗೆ ಚಿಕಿತ್ಸೆಯನ್ನೂ ವೇತನದ ಒಂದು ಭಾಗವನ್ನೂ ಒದಗಿಸುವ ನೌಕರರ ರಾಜ್ಯ ವಿಮಾ ಯೋಜನೆ ಆರಂಭವಾಯಿತು. ಅದೇ ವರ್ಷ ಗಿರಿಯವರು ಕೇಂದ್ರದ ಕಾರ್ಮಿಕ ಸಚಿವರಾದರು. ಬ್ಯಾಂಕ್ ನೌಕರರಿಗೆ ನ್ಯಾಯಮಂಡಳಿ ನೀಡಿದ್ದ ತೀರ್ಪನ್ನು ಸರ್ಕಾರವು ಮಾರ್ಪಡಿಸಿದಾಗ, 1954ರಲ್ಲಿ ಅಧಿಕಾರವನ್ನು ತ್ಯಜಿಸಿ ಹೊರನಡೆದರು. ತತ್ತ್ವದ ಮುಂದೆ ಪದವಿ ಅವರಿಗೆ ಹಿರಿದಾಗಿ ಕಾಣಲಿಲ್ಲ.

1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಅವರು 1969ರಲ್ಲಿ ರಾಷ್ಟ್ರಪತಿಯಾದರು. ಅವರ ಅಧಿಕಾರಾವಧಿಯ ಕೊನೆಯಲ್ಲಿಯೇ, 1974ರ ಮೇ 8ರಂದು, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ದೇಶದ ರೈಲ್ವೆ ನೌಕರರು ಮುಷ್ಕರ ಹೂಡಿದರು. ಸರ್ಕಾರವು ಸಾವಿರಾರು ಮಂದಿಯನ್ನು ಬಂಧಿಸಿ ಅದನ್ನು ಅಡಗಿಸಿತು. ರೈಲ್ವೆ ಕಾರ್ಮಿಕರ ಹಳೆಯ ನಾಯಕರು ರಾಷ್ಟ್ರದ ಅತ್ಯುನ್ನತ ಪೀಠದಲ್ಲಿದ್ದಾಗಲೇ ಇದು ನಡೆದುದು ಇತಿಹಾಸದ ವಿಪರ್ಯಾಸ. 1975ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ಗಿರಿಯವರು 1980ರ ಜೂನ್ ತಿಂಗಳಲ್ಲಿ ನಿಧನರಾದರು.

ಇಂದು ರೈಲ್ವೆಯ ಖಾಯಂ ನೌಕರನಿಗೆ ವರ್ಷಕ್ಕೆ 20 ದಿನಗಳ ಅರ್ಧವೇತನದ ರಜೆಯುಂಟು. ವೈದ್ಯರ ಪ್ರಮಾಣಪತ್ರವಿದ್ದರೆ ಅದನ್ನು 10 ದಿನಗಳ ಪೂರ್ಣವೇತನದ ರಜೆಯಾಗಿ ಮಾರ್ಪಡಿಸಿಕೊಳ್ಳಬಹುದು. ಸಿರಿವಂತ ಅಮೆರಿಕದಲ್ಲಿ, 2022ರಲ್ಲಿ, ಸರಕು ರೈಲುಗಳ ನೌಕರರು ಕೇಳಿದ ವೇತನಸಹಿತ ಕಾಯಿಲೆ ರಜೆಯ ಪ್ರಸ್ತಾವಕ್ಕೆ ಸೆನೆಟ್ಟಿನಲ್ಲಿ ಬೇಕಾದಷ್ಟು ಮತ ದೊರೆಯಲಿಲ್ಲ. ಇಂಥ ಹಕ್ಕುಗಳು ಒಬ್ಬರಿಂದ ಬಂದುವಲ್ಲ, ತಾವಾಗಿಯೂ ಬಂದುವಲ್ಲ. ಒಗ್ಗಟ್ಟಿನಿಂದಲೂ ಸಂಯಮದಿಂದಲೂ ಕೇಳುವುದನ್ನು ದುಡಿಯುವವರಿಗೆ ಕಲಿಸಿದ ಹಿರಿಯರಲ್ಲಿ ಗಿರಿಯವರ ಹೆಸರು ಚಿರಸ್ಮರಣೀಯ.