ಸರ್ ಕೆ. ಶೇಷಾದ್ರಿ ಅಯ್ಯರ್ (1845–1901)

ಮೈಸೂರು ಸಂಸ್ಥಾನದ ಆರ್ಥಿಕ ಬೆಳವಣಿಗೆಗೆ ಭದ್ರ ಬುನಾದಿ ಹಾಕಿದ ದಿವಾನರಲ್ಲಿ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಪ್ರಮುಖರು. ಇಂದಿನ ಕೇರಳದ ಪಾಲಕ್ಕಾಡ್ ಪ್ರದೇಶದಲ್ಲಿ 1845ರಲ್ಲಿ ಜನಿಸಿದ ಇವರು, ಮದರಾಸಿನಲ್ಲಿ ಪದವಿ ಪಡೆದು 1868ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು.

ಇವರು 1883ರಲ್ಲಿ ದಿವಾನರಾದಾಗ ಸಂಸ್ಥಾನವು 1876–78ರ ಭೀಕರ ಕ್ಷಾಮದಿಂದ ಪೂರ್ಣವಾಗಿ ಚೇತರಿಸಿಕೊಂಡಿರಲಿಲ್ಲ. ಬೊಕ್ಕಸದ ಮೇಲೆ ಕ್ಷಾಮಕಾಲದ ಸಾಲದ ಹೊರೆಯಿತ್ತು. ರೈತರ ಬದುಕು ಮಳೆಯನ್ನೇ ಅವಲಂಬಿಸಿತ್ತು. ಮಿತವ್ಯಯವೊಂದೇ ಪರಿಹಾರವಲ್ಲವೆಂದು ಮನಗಂಡ ಶ್ರೀಯುತರು ರೈಲು ಮಾರ್ಗ, ನೀರಾವರಿ ಮತ್ತು ಗಣಿಗಾರಿಕೆಗೆ ಆದ್ಯತೆ ನೀಡಿದರು. ಕೋಲಾರದ ಚಿನ್ನದ ಗಣಿಗಳಿಂದ ದೊರೆತ ರಾಜಧನವು ಬೊಕ್ಕಸಕ್ಕೆ ಆಸರೆಯಾಯಿತು. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟಿನ ನಿರ್ಮಾಣವನ್ನು 1898ರಲ್ಲಿ ಆರಂಭಿಸಲಾಯಿತು. 1907ರಲ್ಲಿ ಪೂರ್ಣಗೊಂಡ ಈ ಜಲಾಶಯವೇ ಇಂದಿನ ವಾಣಿವಿಲಾಸ ಸಾಗರ.

ಶಿವನಸಮುದ್ರದ ಜಲವಿದ್ಯುತ್ ಯೋಜನೆಯು ಇವರ ಅತ್ಯಂತ ದೂರದೃಷ್ಟಿಯ ಕಾರ್ಯ. ಕಾವೇರಿಯ ಜಲಪಾತದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸುವುದು ಆ ಕಾಲಕ್ಕೆ ಸಾಹಸವೇ ಆಗಿತ್ತು. ಯೋಜನೆ ವಿಫಲವಾಗಿದ್ದಲ್ಲಿ ಅದರ ವೆಚ್ಚವು ಸಂಸ್ಥಾನಕ್ಕೆ ಹೊಸ ಹೊರೆಯಾಗುತ್ತಿತ್ತು. ಅನಾರೋಗ್ಯದ ಕಾರಣ 1901ರಲ್ಲಿ ನಿವೃತ್ತರಾದ ಇವರು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಧನರಾದರು. 1902ರ ಜೂನ್‌ನಲ್ಲಿ ಗಣಿಗಳಿಗೆ ವಿದ್ಯುತ್ ಹರಿದಾಗ ಅದನ್ನು ಕಾಣಲು ಅವರಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಇದೇ ವಿದ್ಯುತ್ ಬೆಳಕು ನೀಡಿತು. ಮುಂದಿನ ದಶಕಗಳಲ್ಲಿ ಸಂಸ್ಥಾನದ ಕೈಗಾರಿಕೆಗಳ ಬೆಳವಣಿಗೆಗೂ ನೆರವಾಯಿತು.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಇವರ ಸ್ಮರಣಾರ್ಥ ನಿರ್ಮಿಸಲಾದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವು ಸಾರ್ವಜನಿಕರ ಸೇವೆಯಲ್ಲಿದೆ.