ಗಿಡ ಮಣ್ಣು ತಿಂದು ಬೆಳೆಯುತ್ತದೆಯೇ? ಎಲೆಯ ಗುಟ್ಟು ಬಿಡಿಸಿದ ವೈದ್ಯ ಯಾನ್ ಇಂಗೆನ್‌ಹೌಸ್

ಗಿಡಕ್ಕೆ ಬೇಕಾದ ಆಹಾರವೆಲ್ಲ ಮಣ್ಣಿನಲ್ಲೇ ಇದೆ, ಹಾಗಾಗಿ ಗೊಬ್ಬರ ಹೆಚ್ಚು ಹಾಕಿದಷ್ಟೂ ಬೆಳೆ ಹೆಚ್ಚು ಎಂದು ಹಲವರು ನಂಬಿದ್ದಾರೆ. ಆದರೆ ಗಿಡದ ಒಣತೂಕದ ಬಹುಪಾಲು ಬರುವುದು ಗಾಳಿ ಮತ್ತು ನೀರಿನಿಂದ. ಇದನ್ನು ತಿಳಿಯಲು ದಾರಿ ತೋರಿದವರಲ್ಲಿ ಒಬ್ಬ ವೈದ್ಯರೂ ಇದ್ದರು.

ಯಾನ್ ಇಂಗೆನ್‌ಹೌಸ್ 1730ರಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ರೆಡಾದಲ್ಲಿ ಹುಟ್ಟಿದರು. ಅವರಿಗೆ ಮೊದಲು ಹೆಸರು ತಂದದ್ದು ಸಿಡುಬಿನ ಚಿಕಿತ್ಸೆ. ಜೆನ್ನರ್ ಅವರ ಲಸಿಕೆ ಇನ್ನೂ ಬಂದಿರಲಿಲ್ಲ. ರೋಗಿಯ ಗುಳ್ಳೆಯ ಕೀವನ್ನೇ ಅಲ್ಪ ಪ್ರಮಾಣದಲ್ಲಿ ಚುಚ್ಚಿ ರಕ್ಷಣೆ ಕೊಡುತ್ತಿದ್ದರು. 1768ರಲ್ಲಿ ವಿಯೆನ್ನಾಕ್ಕೆ ಹೋಗಿ ಮಹಾರಾಣಿ ಮರಿಯಾ ತೆರೇಸಾ ಅವರ ಮಕ್ಕಳಿಗೆ ಹೀಗೆ ಚುಚ್ಚಿ, ಆಸ್ಥಾನ ವೈದ್ಯರಾದರು.

ಗಿಡಗಳು ಕೆಟ್ಟ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ಜೋಸೆಫ್ ಪ್ರೀಸ್ಟ್ಲಿ ಆಗಲೇ ತೋರಿಸಿದ್ದರು. ಆದರೆ ಪ್ರಯೋಗ ಪ್ರತಿಬಾರಿಯೂ ಫಲಿಸುತ್ತಿರಲಿಲ್ಲ. ಕಾರಣ ಹುಡುಕಲು ಇಂಗೆನ್‌ಹೌಸ್ 1779ರ ಬೇಸಿಗೆಯಲ್ಲಿ ಲಂಡನ್ ಬಳಿ ಸುಮಾರು 500 ಪ್ರಯೋಗ ನಡೆಸಿದರು. ನೀರಿನಲ್ಲಿ ಮುಳುಗಿಸಿದ ಎಲೆಗಳು ಬಿಸಿಲಿನಲ್ಲಿ ಗುಳ್ಳೆಗಳನ್ನು ಬಿಟ್ಟವು, ಕತ್ತಲಲ್ಲಿ ನಿಲ್ಲಿಸಿದವು. ಆ ಗುಳ್ಳೆಗಳೇ ಆಮ್ಲಜನಕ. ಈ ಕೆಲಸ ಮಾಡುವುದು ಹಸಿರು ಭಾಗ ಮಾತ್ರ, ಅದಕ್ಕೆ ಬೇಕಾದದ್ದು ಬಿಸಿಲಿನ ಶಾಖವಲ್ಲ, ಬೆಳಕು ಎಂಬುದು ಖಚಿತವಾಯಿತು. ಗಿಡ ತನ್ನ ಇಂಗಾಲವನ್ನು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಪಡೆಯುತ್ತದೆ ಎಂದು 1796ರಲ್ಲಿ ಅವರು ಬರೆದರು. 1799ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಹೊಲಕ್ಕೂ ಇದಕ್ಕೂ ಏನು ಸಂಬಂಧ? ಹಸಿರೆಲೆಯೇ ಗಿಡದ ಅಡುಗೆಮನೆ. ಎಳೆ ಸಸಿಗೆ ಎಲೆ ಕಡಿಮೆ, ಹಾಗಾಗಿ ಬೆಳವಣಿಗೆಯೂ ನಿಧಾನ. ಒಂದು ಎಲೆ ತಯಾರಿಸಿದ ಸಕ್ಕರೆಯಿಂದ ಮತ್ತೊಂದು ಎಲೆ ಮೂಡುತ್ತದೆ. ಚಕ್ರಬಡ್ಡಿಯಂತೆ ಬೆಳವಣಿಗೆ ವೇಗ ಪಡೆಯುತ್ತದೆ. ಎಲೆಗಳು ನೆಲವನ್ನು ಮುಚ್ಚಿದ ಮೇಲೆ ಮೇಲಿನವು ಕೆಳಗಿನವಕ್ಕೆ ನೆರಳಾಗುತ್ತವೆ, ಆಗ ಹೊಸ ಎಲೆಯಿಂದ ಲಾಭ ಕಡಿಮೆ. 1947ರಲ್ಲಿ ಇಂಗ್ಲೆಂಡಿನ ಡಿ. ಜೆ. ವಾಟ್ಸನ್ ಒಂದು ಚದರ ಮೀಟರ್ ನೆಲದ ಮೇಲೆ ಎಷ್ಟು ಚದರ ಮೀಟರ್ ಎಲೆ ಇದೆ ಎಂಬ ಅಳತೆಯನ್ನು ಬಳಕೆಗೆ ತಂದರು. ಬೆಳೆಗಳ ಇಳುವರಿಯ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಲೆಯ ವಿಸ್ತಾರ ಎಂದು ಅವರು ಕಂಡುಕೊಂಡರು.

ಹಾಗಾದರೆ ಗೊಬ್ಬರ ಬೇಡವೇ? ಬೇಕು. ಸಾರಜನಕವಿಲ್ಲದೆ ಎಲೆ ಹಸಿರಾಗದು, ಹರಡದು. ಆದರೆ ಅದು ಅಡುಗೆಮನೆ ಕಟ್ಟುವ ಸಾಮಗ್ರಿ, ಊಟವಲ್ಲ. ಅತಿಯಾದರೆ ಎಲೆ ದಟ್ಟವಾಗಿ, ಪೈರು ನೆಲಕ್ಕೊರಗಬಹುದು. ಸರಿಯಾದ ಅಂತರದಲ್ಲಿ ಬಿತ್ತಿ, ಸಕಾಲಕ್ಕೆ ಕಳೆ ಕಿತ್ತು, ಎಲೆ ತಿನ್ನುವ ಹುಳುವನ್ನು ತಡೆದರೆ ಬೆಳೆಗೆ ಸಿಗಬೇಕಾದ ಬೆಳಕು ಬೆಳೆಗೇ ಸಿಗುತ್ತದೆ.