ಲ್ಯಾಂಬ್ಟನ್ ಅಳೆದ ತ್ರಿಭುಜಗಳು

1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಹೊರಟ ಇಂಗ್ಲಿಷ್ ಸೇನೆಯ ತುಕಡಿಯೊಂದು ಇರುಳಿನಲ್ಲಿ ದಾರಿ ತಪ್ಪಿ ಟಿಪ್ಪುವಿನ ಪಾಳೆಯದತ್ತಲೇ ನಡೆಯತೊಡಗಿದಾಗ, ನಕ್ಷತ್ರಗಳನ್ನು ನೋಡಿ ದಿಕ್ಕು ತಪ್ಪಿದುದನ್ನು ಎಚ್ಚರಿಸಿದವನು ವಿಲಿಯಂ ಲ್ಯಾಂಬ್ಟನ್. ಯಾರ್ಕ್‌ಷೈರಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ವರ್ಷಗಟ್ಟಲೆ ಸೇವೆ ಸಲ್ಲಿಸಿ, ನಡುವಯಸ್ಸಿನಲ್ಲಿ ಭಾರತಕ್ಕೆ ಬಂದ ಈ ಸೈನಿಕನ ಮನಸ್ಸು ನೆಲೆಸಿದ್ದುದು ಭೂಮಿಯ ಆಕಾರದಲ್ಲಿ. 1800ರಲ್ಲಿ ಆತನು ಬೆಂಗಳೂರಿನ ಬಳಿ ಸರಪಳಿ ಹಾಸಿ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸುಮಾರು ಏಳೂವರೆ ಮೈಲಿಯ ಮತ್ತೊಂದನ್ನು. ಮುಂದೆ ತ್ರಿಭುಜಗಳ ಸರಣಿ ಮೈಸೂರು ಸೀಮೆಯನ್ನು ಹಾದು ಮಂಗಳೂರಿನ ಕಡಲನ್ನು ಮುಟ್ಟಿತು. ನಕ್ಷೆಗಳಲ್ಲಿ 400 ಮೈಲಿಯಿದ್ದ ಪರ್ಯಾಯದ್ವೀಪದ ಅಗಲ 360ಕ್ಕೆ ಇಳಿಯಿತು.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದು ಯೂಕ್ಲಿಡನ ಸಮತಲಕ್ಕೆ ಸಲ್ಲುವ ಮಾತು. ಗೋಳದ ಮೇಲೆ ಅದು ನಿಲ್ಲದು. ಧ್ರುವದಿಂದ ಪರಸ್ಪರ ಲಂಬವಾಗಿ ಹೊರಟ ಎರಡು ರೇಖಾಂಶಗಳು ಸಮಭಾಜಕವೃತ್ತದೊಡನೆ ರಚಿಸುವ ತ್ರಿಭುಜದಲ್ಲಿ ಮೂರೂ ಲಂಬಕೋನಗಳೇ, ಮೊತ್ತ 270. ತ್ರಿಭುಜ ಕಿರಿದಾದಂತೆ ಈ ಅಧಿಕವೂ ಕುಗ್ಗುತ್ತದೆ: ಸುಮಾರು 196 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಷ್ಟು. ಬೆಂಗಳೂರು, ವಿಜಯವಾಡ, ವಿಶಾಖಪಟ್ಟಣಗಳನ್ನು ಮಹಾವೃತ್ತಗಳ ಕಂಸಗಳಿಂದ ಸೇರಿಸಿದರೆ ಕೋನಗಳ ಮೊತ್ತ 180 ಡಿಗ್ರಿಗಿಂತ ಸುಮಾರು ಎರಡೂಮುಕ್ಕಾಲು ನಿಮಿಷ ಹೆಚ್ಚು. ಲ್ಯಾಂಬ್ಟನ್ ಬೆಟ್ಟದಿಂದ ಬೆಟ್ಟಕ್ಕೆ ಎಳೆದ ತ್ರಿಭುಜಗಳಲ್ಲಾದರೋ ಅದು ಕೆಲವೇ ಸೆಕೆಂಡುಗಳು. ತೊಡಕು ಇದ್ದುದು ಇಲ್ಲಿಯೇ. ಕಣ್ಣಿನ ಮತ್ತು ಉಪಕರಣದ ದೋಷವೂ ಸೆಕೆಂಡುಗಳದೇ. ಮೊತ್ತ ಹೆಚ್ಚಿ ಬಂದಾಗ ಭೂಮಿಯ ಬಾಗು ಎಷ್ಟು, ಅಳೆದವನ ತಪ್ಪು ಎಷ್ಟು? ಆತನು ತ್ರಿಭುಜದ ವಿಸ್ತೀರ್ಣದಿಂದ ಅಧಿಕವನ್ನು ಮೊದಲೇ ಗಣಿಸಿ, ಉಳಿದುದನ್ನು ಮಾತ್ರ ದೋಷವೆಂದು ಎಣಿಸಿದನು. ತನ್ನ ತಪ್ಪನ್ನು ಭೂಮಿಯ ಮೇಲೆ ಹೊರಿಸದ ಪ್ರಾಮಾಣಿಕತೆ ಇದು.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ, ಅರ್ಧ ಟನ್ ತೂಕದ ಥಿಯೊಡೊಲೈಟ್ ಗೋಡೆಗೆ ಬಡಿದು ಅದರ ವೃತ್ತ ಸೊಟ್ಟಗಾಯಿತು. ಬೇರೊಬ್ಬನಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಲ್ಯಾಂಬ್ಟನ್ ಆರು ವಾರ ಡೇರೆಯೊಳಗೇ ಕುಳಿತು, ಬೆಣೆ ತಿರುಪುಗಳಿಂದ ಅದನ್ನು ಕೂದಲೆಳೆಯಷ್ಟಾಗಿ ಎಳೆದು ಮತ್ತೆ ವೃತ್ತಕ್ಕೆ ತಂದನು.

1815ರಲ್ಲಿ ಸರಣಿ ಬೀದರನ್ನು ತಲುಪಿತು. ಕೃಷ್ಣಾ ಗೋದಾವರಿಗಳ ನಡುವಣ ಕಾಡಿಗೆ 1819ರಲ್ಲಿ ಹೋದ ಸಹಾಯಕ ಜಾರ್ಜ್ ಎವರೆಸ್ಟ್ ಜ್ವರಕ್ಕೆ ತುತ್ತಾದನು. 1823ರ ಜನವರಿ 20ರಂದು, ನಾಗಪುರದ ಹಾದಿಯಲ್ಲಿ, ಹಿಂಗಣಘಾಟಿನಲ್ಲಿ ಲ್ಯಾಂಬ್ಟನ್ ತೀರಿಕೊಂಡನು. ಸಮಾಧಿ ಅಲ್ಲಿಯೇ ಇದೆ. ಹಂಗೇರಿಯ ಬೋಯೈ ಯೂಕ್ಲಿಡೇತರ ರೇಖಾಗಣಿತವನ್ನು ಕಂಡ ಸುದ್ದಿಯನ್ನು ತಂದೆಗೆ ಬರೆದದ್ದು ಅದೇ ವರ್ಷದ ನವೆಂಬರಿನಲ್ಲಿ. ಪೂರ್ವ ಕರಾವಳಿಯಗುಂಟ ಕಲ್ಕತ್ತೆಯಿಂದ ಇಳಿದು ಬಂದ ಸರಣಿಯನ್ನು ಪರೀಕ್ಷಿಸಲು ವಿಶಾಖಪಟ್ಟಣದಲ್ಲಿ ಆಧಾರರೇಖೆ ಅಳೆದದ್ದು 1862–63ರಲ್ಲಿ.